ಪದಚರ್ಚೆ: ‘ಅಕಾಡೆಮಿಕ್ ಫ್ರೀಡಂ’ಗೆ ‘ಶೈಕ್ಷಣಿಕ ಸ್ವಾತಂತ್ರ್ಯ’ ಅಂದರೆ ಸಾಕೇ?

ಬಳಗದ ಎಲ್ಲರಿಗೂ ಶಿವಮೊಗ್ಗದಿಂದ ನಮಸ್ಕಾರ.

ಒಂದು ಪದದ ತಕರಾರು ಇದೆ. ಇಲ್ಲಿನ ಕೆಲವು ಡಿಗ್ರಿ ಕಾಲೇಜು ಮೇಷ್ಟ್ರುಗಳು ಸೇರಿ ‘ಅಕಾಡೆಮಿಕ್ ಫ್ರೀಡಂ’ ಬಗ್ಗೆ, ಅಂದರೆ ಕಾಲೇಜು, ವಿಶ್ವವಿದ್ಯಾಲಯದ ಮೇಷ್ಟ್ರುಗಳಿಗೆ ಪಾಠ, ಸಂಶೋಧನೆಯಲ್ಲಿ ಇರಬೇಕಾದ ಸ್ವಾತಂತ್ರ್ಯದ ಬಗ್ಗೆ, ಒಂದು ಗೋಷ್ಠಿ ಇಟ್ಟುಕೊಂಡಿದ್ದಾರೆ. ಜೊತೆಗೆ ಒಂದು ಕಿರುಹೊತ್ತಿಗೆಯನ್ನೂ ತರುತ್ತಾರೆ. ಇಂಗ್ಲಿಷಿನಲ್ಲಿರುವ ಲೇಖನಗಳನ್ನು ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಶೀರ್ಷಿಕೆಯಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ಜಾಸ್ತಿ ಸಿಗುವುದು ‘ಶೈಕ್ಷಣಿಕ ಸ್ವಾತಂತ್ರ್ಯ’. ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ‘ಶೈಕ್ಷಣಿಕ’ ಅನ್ನುವ ಮಾತು ನಮ್ಮಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಶೈಕ್ಷಣಿಕ ವರ್ಷ, ಶೈಕ್ಷಣಿಕ ಸಾಲ, ಶೈಕ್ಷಣಿಕ ಅರ್ಹತೆ. ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಜೋಗ ತೋರಿಸಿ ಬಂದರೂ ಅದು ಶೈಕ್ಷಣಿಕ ಪ್ರವಾಸವೇ. ಪಕ್ಕದ ಶಿರಸಿ ಒಂದು ಶೈಕ್ಷಣಿಕ ಜಿಲ್ಲೆ. ಎಲ್ಲ ಕಡೆ ಅದಕ್ಕಿರುವುದು ಶಾಲೆ, ಫೀಸು, ಪರೀಕ್ಷೆ, ಆಡಳಿತದ ಅರ್ಥ. ವಿಶ್ವವಿದ್ಯಾಲಯದಲ್ಲಿ ಒಬ್ಬರು ಕೂತು ಒಂದು ವಿಷಯವನ್ನು ಬುಡದಿಂದ ಕೆದಕಿ ನೋಡುತ್ತಾರಲ್ಲ, ಆ ಕೆಲಸದ ಅರ್ಥ ಅದರಲ್ಲಿ ಬರುವುದೇ ಇಲ್ಲ.

ಇದು ಬರೀ ನನ್ನ ಮಡಿವಂತಿಕೆ ಅಂದುಕೊಳ್ಳಬೇಡಿ. ಗೋಷ್ಠಿಯ ಆಹ್ವಾನ ಪತ್ರಿಕೆ ಕೊಡಲು ದುರ್ಗಿಗುಡಿಯ ಒಂದು ಪ್ರೆಸ್ಸಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಟೈಪು ಮಾಡುತ್ತಾ ಮಾಡುತ್ತಾ ತಲೆ ಎತ್ತಿ ಕೇಳಿದ: ‘ಸಾರ್, ಇದು ಮಕ್ಕಳು ತಮಗಿಷ್ಟ ಬಂದ ಸಬ್ಜೆಕ್ಟ್ ತಗೋಬಹುದು ಅನ್ನೋದಲ್ವಾ? ಪಿಯುಸಿಲಿ ಸೈನ್ಸೇ ತಗೋ ಅಂತ ಮನೇಲಿ ಬಲವಂತ ಮಾಡಬಾರದು ಅಂತ?’ ನಾನು ಬಾಯಿ ತೆರೆಯುವ ಮೊದಲೇ ಗಲ್ಲಾದಲ್ಲಿದ್ದ ಮಾಲೀಕರು, ‘ಅಲ್ಲ ಮಾರಾಯ, ಪ್ರೈವೇಟ್ ಕಾಲೇಜಿನವರಿಗೆ ಸರ್ಕಾರ ಸುಮ್ನೆ ಕಿರಿಕಿರಿ ಕೊಡಬಾರದು ಅಂತ ಅದು’ ಅಂದರು. ಇಬ್ಬರದ್ದೂ ಆ ಪದ ಓದಿ ಸಹಜವಾಗಿ ಹುಟ್ಟಿದ ಅರ್ಥವೇ. ಒಬ್ಬ ವಿದ್ಯಾರ್ಥಿಯನ್ನು ಕಂಡ, ಇನ್ನೊಬ್ಬರು ಸಂಸ್ಥೆಯನ್ನು ಕಂಡರು. ಪಾಠ ಹೇಳುವ, ಸಂಶೋಧನೆ ಮಾಡುವ ಮೇಷ್ಟ್ರು ಮಾತ್ರ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಗೋಷ್ಠಿ ಇರುವುದೇ ಅವರ ಬಗ್ಗೆ!

ತಮಾಷೆ ಏನಪ್ಪಾ ಅಂದರೆ, ಚರಿತ್ರೆ ಓದಿದರೆ ಹುಡುಗನ ಅರ್ಥವೂ ಸುಳ್ಳಲ್ಲ, ಮಾಲೀಕರದ್ದೂ ಸುಳ್ಳಲ್ಲ. ಈ ಸ್ವಾತಂತ್ರ್ಯ ಯಾರದು ಅನ್ನುವ ಜಗಳ ಎಂಟುನೂರು ವರ್ಷಕ್ಕಿಂತ ಹಳೆಯದು. ಅದನ್ನು ಸ್ವಲ್ಪ ಹೇಳದೆ ಪದದ ಮಾತಿಗೆ ಬರಲಾರೆ. ಉದ್ದವಾದರೆ ಬೈಯಬೇಡಿ.

ಯುರೋಪಿನಲ್ಲಿ ಇದು ಶುರುವಾದದ್ದು ವಿದ್ಯಾರ್ಥಿಗಳಿಂದ. ಇಟಲಿಯ ಬೊಲೋನ್ಯಾಕ್ಕೆ ಕಾನೂನು ಓದಲು ದೂರದೂರದಿಂದ ಹುಡುಗರು ಬರುತ್ತಿದ್ದರು. ದಾರಿಯಲ್ಲಿ ಸುಲಿಗೆ. ಊರು ಸೇರಿದರೆ, ತಮ್ಮ ದೇಶದವನು ಯಾರೋ ಮಾಡಿದ ಸಾಲಕ್ಕೆ ಇವರನ್ನು ಹಿಡಿದು ಕೂರಿಸುವುದು. 1150ರ ದಶಕದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಇವರಿಗೆ ರಕ್ಷಣೆಯ ಒಂದು ಆಜ್ಞೆ ಕೊಟ್ಟ. ಬೇರೆಯವರ ಸಾಲಕ್ಕೆ ಇವರನ್ನು ಹಿಡಿಯಬಾರದು. ಇವರ ಮೇಲೆ ದಾವೆ ಬಂದರೆ ಇವರ ಗುರುವೋ ಅಲ್ಲಿನ ಬಿಷಪ್ಪನೋ ವಿಚಾರಿಸಬೇಕು. ಕಲಿಕೆಯ ಪ್ರೀತಿಗಾಗಿ ಪರದೇಶಿಗಳಾದವರು ಅಂತ ಆ ಆಜ್ಞೆ ಅವರನ್ನು ಕರೆಯುತ್ತದೆ. ಕನ್ನಡದಲ್ಲಿ ‘ಪರದೇಶಿ’ ಅಂದಾಗ ದಿಕ್ಕಿಲ್ಲದವನು ಅನ್ನುವ ಅರ್ಥವೂ ಸೇರಿಕೊಳ್ಳುತ್ತದೆ. ಇಲ್ಲಿ ಅದೂ ಹೊಂದುತ್ತದೆ.

ಪ್ಯಾರಿಸಿನದು ಇನ್ನೊಂದು ಕಥೆ. 1229ರಲ್ಲಿ ಹೆಂಡದಂಗಡಿಯ ಬಿಲ್ಲಿನ ಮೇಲೆ ಹತ್ತಿದ ಜಗಳ ದೊಂಬಿಯಾಗಿ, ನಗರದ ಕಾವಲುಗಾರರ ಕೈಯಲ್ಲಿ ವಿದ್ಯಾರ್ಥಿಗಳು ಸತ್ತರು. ಮೇಷ್ಟ್ರುಗಳು ಪಾಠ ನಿಲ್ಲಿಸಿ ಊರೇ ಬಿಟ್ಟರು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ, ಅನ್ಯಾಯವಾದರೆ ಪಾಠ ನಿಲ್ಲಿಸುವ ಹಕ್ಕನ್ನೇ ಅವರಿಗೆ ಬರೆದುಕೊಟ್ಟ. ಮುಷ್ಕರದ ಹಕ್ಕು ಅಂದರೆ ಅದು! ಆದರೆ ಅದೇ ಪ್ಯಾರಿಸಿನಲ್ಲಿ 1277ರಲ್ಲಿ ಬಿಷಪ್ಪ 219 ವಾದಗಳ ಪಟ್ಟಿ ಮಾಡಿ, ಇವನ್ನು ಕಲಿಸಿದವರಿಗೆ ಬಹಿಷ್ಕಾರ ಅಂದ. ಸಂಸ್ಥೆಗೆ ಹಕ್ಕಿತ್ತು. ಒಳಗಿದ್ದವನ ತಲೆಗೆ ಇರಲಿಲ್ಲ. ನಮ್ಮ ಪ್ರೆಸ್ಸಿನ ಮಾಲೀಕರ ಅರ್ಥಕ್ಕೂ ಗೋಷ್ಠಿಯ ಅರ್ಥಕ್ಕೂ ನಡುವಿನ ಕಂದಕ ಇಲ್ಲೇ ಕಾಣುತ್ತದೆ.

ಆ ಒಳಗಿನ ಸ್ವಾತಂತ್ರ್ಯದ ಮಾತು ಗಟ್ಟಿಯಾಗಿ ಕೇಳುವುದು ಬಹಳ ತಡವಾಗಿ. 1673ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನ ರಾಜ, ಹಾಲೆಂಡಿನ ತತ್ವಜ್ಞಾನಿ ಸ್ಪಿನೋಜಾನನ್ನು ಪ್ರಾಧ್ಯಾಪಕನಾಗಿ ಕರೆದ. ಚಿಂತನೆಗೆ ಪೂರ್ಣ ಸ್ವಾತಂತ್ರ್ಯ ಕೊಡುತ್ತೇವೆ, ಊರಿನ ಧರ್ಮವನ್ನು ಮಾತ್ರ ಕಲಕುವುದಿಲ್ಲ ಅಂತ ನಂಬಿದ್ದೇವೆ ಅನ್ನುವ ಧಾಟಿಯ ಕಾಗದ. ಆ ಸ್ವಾತಂತ್ರ್ಯದ ಗಡಿ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತಿಲ್ಲ ಅಂತ ಸ್ಪಿನೋಜಾ ವಿನಯದಿಂದ ಕೈ ಮುಗಿದ. ಮಸೂರ ಉಜ್ಜುವ ಕೆಲಸಕ್ಕೇ ವಾಪಸ್ಸಾದ. ‘ಪೂರ್ಣ ಸ್ವಾತಂತ್ರ್ಯ, ಆದರೆ’ ಅನ್ನುವ ಕಾಗದಗಳು ಇವತ್ತಿಗೂ ಬರುತ್ತವೆ. ಬೇಡ ಅನ್ನುವವರು ಕಡಿಮೆ.

ಕ್ರಿಶ್ಚಿಯನ್ ವುಲ್ಫ್ ಅಂತ ಜರ್ಮನಿಯ ಹಾಲೆಯಲ್ಲಿ ಒಬ್ಬ ದೊಡ್ಡ ಮೇಷ್ಟ್ರು ಇದ್ದ. 1721ರಲ್ಲಿ ಅವನು ಚೀನೀಯರ ನೀತಿಯ ಬಗ್ಗೆ ಉಪನ್ಯಾಸ ಮಾಡಿದ. ಕ್ರೈಸ್ತ ಧರ್ಮ ಗೊತ್ತಿಲ್ಲದೆಯೂ ಮನುಷ್ಯ ನೀತಿವಂತನಾಗಬಹುದು ಅನ್ನುವುದು ಅದರ ಸಾರ. ಧರ್ಮಶಾಸ್ತ್ರದ ಮೇಷ್ಟ್ರುಗಳಿಗೆ ಸಿಟ್ಟು ಬಂತು. ಈತನ ತತ್ವ ಒಪ್ಪಿದರೆ ಓಡಿಹೋದ ಸಿಪಾಯಿಯನ್ನು ಶಿಕ್ಷಿಸುವ ಹಾಗೇ ಇಲ್ಲ, ಎಲ್ಲ ವಿಧಿಲಿಖಿತ ಅಂತಾನೆ ಅಂತ ಯಾರೋ ರಾಜನಿಗೆ ಚಾಡಿ ಹೇಳಿದರಂತೆ. ಹಾಲೆ ಇದ್ದ ಪ್ರಷ್ಯಾ ರಾಜ್ಯದ ಆ ರಾಜನಿಗೆ ಪ್ರಾಣಕ್ಕಿಂತ ಸಿಪಾಯಿಗಳು ಹೆಚ್ಚು. 1723ರಲ್ಲಿ ಅಪ್ಪಣೆ ಬಂತು: 48 ಗಂಟೆಯಲ್ಲಿ ರಾಜ್ಯ ಬಿಡು, ಇಲ್ಲವಾದರೆ ಗಲ್ಲು. ವುಲ್ಫ್ ಮಾರ್‌ಬರ್ಗಿಗೆ ಹೋದ. 1740ರಲ್ಲಿ ಆ ರಾಜನ ಮಗ ಪಟ್ಟಕ್ಕೆ ಬಂದ ಮೇಲೆ ಅವನನ್ನು ಮರ್ಯಾದೆಯಿಂದ ವಾಪಸ್ ಕರೆಸಿಕೊಂಡ.

1810ರಲ್ಲಿ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಯೋಚನೆಯಂತೆ ಬರ್ಲಿನ್ ವಿಶ್ವವಿದ್ಯಾಲಯ ಶುರುವಾಯಿತು. ಪದಗಳ ದೃಷ್ಟಿಯಿಂದ ನಮಗೆ ಮುಖ್ಯವಾದ ಘಟ್ಟ ಇದು. ಹತ್ತೊಂಬತ್ತನೆಯ ಶತಮಾನದ ಜರ್ಮನರು ಇದಕ್ಕೆ ಎರಡು ಪದ ಇಟ್ಟುಕೊಂಡರು. ಒಂದು ‘ಲೇರ್‌ಫ್ರೈಹೈಟ್’, ಕಲಿಸುವ ಸ್ವಾತಂತ್ರ್ಯ. ಮೇಷ್ಟ್ರು ತನ್ನ ಸಂಶೋಧನೆ ಎಲ್ಲಿಗೆ ಕರೆದೊಯ್ದಿತೋ ಅದನ್ನು ತರಗತಿಯಲ್ಲಿ ಹೇಳಬಹುದು. ಇನ್ನೊಂದು ‘ಲೆರ್ನ್‌ಫ್ರೈಹೈಟ್’, ಕಲಿಯುವ ಸ್ವಾತಂತ್ರ್ಯ. ವಿದ್ಯಾರ್ಥಿ ಯಾರ ಪಾಠ ಬೇಕಾದರೂ ಕೇಳಬಹುದು, ಈ ವಿಶ್ವವಿದ್ಯಾಲಯ ಬಿಟ್ಟು ಆ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ಹಾಜರಾತಿ ಪುಸ್ತಕದ ಕಾಟ ಇಲ್ಲ. ನಮ್ಮ ಪ್ರೆಸ್ಸಿನ ಹುಡುಗ ಹೇಳಿದ್ದು ಸುಮಾರಾಗಿ ಇದನ್ನೇ, ಅಲ್ವಾ? 1850ರ ಪ್ರಷ್ಯಾದ ಸಂವಿಧಾನ ‘ವಿದ್ವತ್ತು ಮತ್ತು ಅದರ ಬೋಧನೆ ಮುಕ್ತ’ ಅಂತಲೇ ಬರೆದುಕೊಂಡಿತು. 1949ರ ಜರ್ಮನಿಯ ಮೂಲ ಕಾನೂನಿನ ಐದನೆಯ ವಿಧಿಯೂ ಕಲೆ, ವಿದ್ವತ್ತು, ಸಂಶೋಧನೆ, ಬೋಧನೆ ಮುಕ್ತ ಅನ್ನುತ್ತದೆ. ಅದರ ಬೆನ್ನಿಗೇ, ಬೋಧನೆಯ ಸ್ವಾತಂತ್ರ್ಯ ಸಂವಿಧಾನನಿಷ್ಠೆಯಿಂದ ಬಿಡುಗಡೆ ಕೊಡುವುದಿಲ್ಲ ಅಂತ ಇನ್ನೊಂದು ಸಾಲೂ ಇದೆ.

ಬರೆದುಕೊಳ್ಳುವುದು ಬೇರೆ, ನಡೆಯುವುದು ಬೇರೆ. 1837ರಲ್ಲಿ ಜರ್ಮನಿಯ ಹ್ಯಾನೋವರ್ ರಾಜ್ಯದ ಹೊಸ ರಾಜ ಸಂವಿಧಾನ ರದ್ದು ಮಾಡಿದ. ಅಲ್ಲಿನ ಗಟ್ಟಿಂಗನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು, ನಾವು ಹಳೆಯ ಸಂವಿಧಾನಕ್ಕೆ ಪ್ರಮಾಣ ಮಾಡಿದವರು, ಅದನ್ನು ಮುರಿಯುವುದಿಲ್ಲ ಅಂತ ಕಾಗದ ಬರೆದರು. ಏಳೂ ಜನರ ಕೆಲಸ ಹೋಯಿತು. ಮೂವರಿಗೆ ಗಡೀಪಾರು. ಆ ಮೂವರಲ್ಲಿ ಒಬ್ಬ ಯಾಕೋಬ್ ಗ್ರಿಮ್. ಹೌದು, ಅಜ್ಜಿಕಥೆಗಳ ಗ್ರಿಮ್ ಸಹೋದರರಲ್ಲಿ ದೊಡ್ಡವನು. ತಮ್ಮ ವಿಲ್‌ಹೆಲ್ಮ್ ಕೂಡ ಆ ಏಳರಲ್ಲಿ ಒಬ್ಬ. ಪದಚರ್ಚೆಯವರಿಗೆ ಇಲ್ಲಿ ಒಂದು ಸಿಹಿಸುದ್ದಿ ಇದೆ. ಕೆಲಸವಿಲ್ಲದೆ ಕೂತಿದ್ದ ಅಣ್ಣತಮ್ಮಂದಿರ ಹತ್ತಿರ 1838ರಲ್ಲಿ ಒಬ್ಬ ಪ್ರಕಾಶಕ ಬಂದು, ಜರ್ಮನ್ ಭಾಷೆಗೊಂದು ದೊಡ್ಡ ನಿಘಂಟು ಮಾಡಿಕೊಡಿ ಅಂದ. ಮೊದಲ ಸಂಪುಟ ಬಂದದ್ದು 1854ರಲ್ಲಿ. 1863ರಲ್ಲಿ ಯಾಕೋಬ್ ತೀರಿಕೊಂಡಾಗ ‘ಎಫ್’ ಅಕ್ಷರದಲ್ಲಿ, ‘ಹಣ್ಣು’ ಅನ್ನುವ ಅರ್ಥದ ಪದದ ಹತ್ತಿರ ಇದ್ದನಂತೆ. ಮುಗಿದದ್ದು 1961ರಲ್ಲಿ. ರಾಜ ಕೆಲಸದಿಂದ ತೆಗೆಯದಿದ್ದರೆ ಆ ನಿಘಂಟು ಶುರುವಾಗುತ್ತಿತ್ತೋ ಇಲ್ಲವೋ. ಇದನ್ನು ಆಡಳಿತ ಮಂಡಳಿಗಳ ಕಿವಿಗೆ ಹಾಕಬೇಡಿ, ನಿಘಂಟಿಗೆ ಒಳ್ಳೆಯದಾಗಲಿ ಅಂತ ಎಲ್ಲರನ್ನೂ ತೆಗೆದುಬಿಟ್ಟಾರು.

ಈಗ ಇಂಗ್ಲಿಷಿನ ಪದಕ್ಕೆ ಬರೋಣ. ಅದಕ್ಕೆ ಇವತ್ತಿನ ಖಚಿತ ಅರ್ಥ ಬಂದದ್ದು ಅಮೆರಿಕದಲ್ಲಿ. 1900ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಎಡ್ವರ್ಡ್ ರಾಸ್ ಅನ್ನುವ ಪ್ರಾಧ್ಯಾಪಕನ ಕೆಲಸ ಹೋಯಿತು. ಸಂಸ್ಥಾಪಕನ ಹೆಂಡತಿ ಜೇನ್ ಸ್ಟ್ಯಾನ್‌ಫರ್ಡ್‌ಗೆ ಅವನ ಭಾಷಣಗಳು ಹಿಡಿಸಲಿಲ್ಲ. ಆ ಮನೆಯ ಸಂಪತ್ತು ಬಂದದ್ದು ರೈಲಿನಿಂದ, ರೈಲು ದಾರಿ ಹಾಕಿದ್ದು ಏಷ್ಯಾದ ಕೂಲಿಗಳು. ರಾಸ್ ಏಷ್ಯಾದವರ ವಲಸೆ ನಿಲ್ಲಿಸಿ ಅಂತ ಭಾಷಣ ಮಾಡುತ್ತಿದ್ದ. ಅವನ ಮಾತುಗಳಲ್ಲಿ ಜನಾಂಗದ್ವೇಷ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಈ ಚರಿತ್ರೆಯಲ್ಲಿ ಬಲಿಯಾದವರೆಲ್ಲ ಗ್ರಿಮ್ ಅಂಥವರಲ್ಲ. ಅವನನ್ನು ತೆಗೆದದ್ದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ಆರ್ಥರ್ ಲವ್‌ಜಾಯ್ ಅನ್ನುವ ತತ್ವಶಾಸ್ತ್ರಜ್ಞ ಒಬ್ಬ. ಅದೇ ಲವ್‌ಜಾಯ್ ಮತ್ತು ಜಾನ್ ಡ್ಯೂಯಿ ಮುಂತಾದವರು 1915ರಲ್ಲಿ ಪ್ರಾಧ್ಯಾಪಕರ ಸಂಘ ಕಟ್ಟಿದರು. ಆ ವರ್ಷವೇ ಒಂದು ಘೋಷಣೆ ಹೊರಡಿಸಿದರು.

ಆ ಘೋಷಣೆಯ ಮೊದಲ ಸಾಲುಗಳನ್ನು ದಯವಿಟ್ಟು ಗಮನಿಸಿ. ‘ಅಕಾಡೆಮಿಕ್ ಫ್ರೀಡಂ’ ಅನ್ನುವುದಕ್ಕೆ ಹಿಂದಿನಿಂದ ಎರಡು ಅನ್ವಯ ಇದೆ, ಮೇಷ್ಟ್ರದ್ದು ಮತ್ತು ವಿದ್ಯಾರ್ಥಿಯದು ಅಂತ ಶುರುಮಾಡಿ, ಜರ್ಮನ್ ಪದಗಳೆರಡನ್ನೂ ಹೇಳುತ್ತದೆ. ನಾವು ಇಲ್ಲಿ ಮಾತಾಡುತ್ತಿರುವುದು ಮೇಷ್ಟ್ರದ್ದರ ಬಗ್ಗೆ ಅಂತ ಹೇಳಿ ವಿದ್ಯಾರ್ಥಿಯನ್ನು ಅಲ್ಲೇ ಕೆಳಗಿಳಿಸುತ್ತದೆ. ಆಮೇಲೆ ಮೇಷ್ಟ್ರದ್ದನ್ನು ಮೂರು ಮಾಡುತ್ತದೆ: ಸಂಶೋಧನೆಯ ಸ್ವಾತಂತ್ರ್ಯ, ತರಗತಿಯಲ್ಲಿ ಪಾಠದ ಸ್ವಾತಂತ್ರ್ಯ, ಕಾಲೇಜಿನ ಗೇಟಿನಾಚೆ ಮಾತಾಡುವ ಸ್ವಾತಂತ್ರ್ಯ. ಈ ಸಂಘದ 1940ರ ಹೇಳಿಕೆ ಇದರ ಜೊತೆಗಿರುವ ಹೊಣೆಯನ್ನೂ ಹೇಳಿತು. ತನ್ನ ವಿಷಯಕ್ಕೆ ಸಂಬಂಧವಿಲ್ಲದ ವಿವಾದವನ್ನು ಪಾಠದೊಳಗೆ ತುರುಕಬಾರದು. ಹೊರಗೆ ಮಾತಾಡುವಾಗ ಸಂಸ್ಥೆಯ ಪರವಾಗಿ ಮಾತಾಡುತ್ತಿಲ್ಲ ಅಂತ ಸ್ಪಷ್ಟಪಡಿಸಬೇಕು.

ಹಾಗಾಗಿ ನಾವು ಕನ್ನಡಕ್ಕೆ ತರುತ್ತಿರುವುದು ಅರ್ಧ ಕತ್ತರಿಸಿದ ಪದವನ್ನು. ಕತ್ತರಿಸಿದ್ದನ್ನೇ ತರಬೇಕೋ ಇಡಿಯಾಗಿ ತರಬೇಕೋ ಅನ್ನುವುದು ನನ್ನ ಮೊದಲ ಪ್ರಶ್ನೆ.

ಎರಡನೆಯ ತೊಡಕು ‘ಅಭಿವ್ಯಕ್ತಿ ಸ್ವಾತಂತ್ರ್ಯ’ದ್ದು. ನಮ್ಮ ಸಂವಿಧಾನದಲ್ಲಿ ಜರ್ಮನಿಯ ಹಾಗೆ ಇದಕ್ಕೆ ಬೇರೆ ವಿಧಿ ಇಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿಯ ನೆರಳಲ್ಲೇ ನಿಲ್ಲಬೇಕು. ಅದಕ್ಕೇ ಏನೋ, ನಮ್ಮ ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಅನ್ನುವ ಹಾಗೆ ಬರೆಯುತ್ತಾರೆ. ಒಂದೇ ಅಲ್ಲ. ಗೋಪಿ ಸರ್ಕಲ್ಲಿನಲ್ಲಿ ನಿಂತು ಯಾರು ಬೇಕಾದರೂ ಭೂಮಿ ಚಪ್ಪಟೆ ಅನ್ನಬಹುದು. ಭೂಗೋಳದ ಮೇಷ್ಟ್ರು ತರಗತಿಯಲ್ಲಿ ಹಾಗೆ ಪಾಠ ಮಾಡಿ ಇದು ನನ್ನ ಸ್ವಾತಂತ್ರ್ಯ ಅನ್ನುವ ಹಾಗಿಲ್ಲ. ಅವರು ತಮ್ಮ ಶಾಸ್ತ್ರದ ರೀತಿಗೆ ಕಟ್ಟುಬಿದ್ದವರು. ತಪ್ಪೋ ಸರಿಯೋ ಅಂತ ತೂಗುವುದು ಅದೇ ಶಾಸ್ತ್ರ ಬಲ್ಲ ಇತರರು. ಮಂತ್ರಿಯೂ ಅಲ್ಲ, ದಾನಿಯೂ ಅಲ್ಲ, ಊರಿನ ಜನರೂ ಅಲ್ಲ. ಒಂದು ಕಡೆ ಇದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಿಂತ ಕಿರಿದು. ಇನ್ನೊಂದು ಕಡೆ ಹಿರಿದು, ಯಾಕೆಂದರೆ ಮಾತಾಡಿದವನ ಸಂಬಳಕ್ಕೂ ಇದು ಕಾವಲು.

‘ಊರಿನ ಜನರೂ ಅಲ್ಲ’ ಅಂದೆನಲ್ಲ, ಅದು ಮಲೆನಾಡಿನವರಿಗೆ ಬೇಗ ಅರ್ಥವಾಗಬೇಕು. ನಮ್ಮ ಜಿಲ್ಲೆಯ ಉಸಿರು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ತಂಬಾಕು ಸೇರಿಸಿ ತಿನ್ನುವವರ ಲೆಕ್ಕವನ್ನು ಬರೀ ಅಡಿಕೆಗೆ ಕಟ್ಟಿದ್ದಾರೆ ಅನ್ನುತ್ತಾರೆ. ಈಗ ಇಲ್ಲೇ ಒಬ್ಬ ಯುವ ಸಂಶೋಧಕಿ ಇದೇ ವಿಷಯ ಎತ್ತಿಕೊಂಡಳು ಅಂತಿಟ್ಟುಕೊಳ್ಳಿ. ಅವಳ ಮನೆಯಲ್ಲೇ ಎರಡು ಎಕರೆ ತೋಟ ಇದ್ದೀತು. ಫಲಿತಾಂಶ ಬೆಳೆಗಾರರ ಪರ ಬಂದರೆ ಸನ್ಮಾನ. ವಿರುದ್ಧ ಬಂದರೆ? ಸರ್ಕಾರದಿಂದ ನೋಟಿಸು ಬರುವ ಮೊದಲು ಸೊಸೈಟಿಯ ಸಭೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪ್ರಶ್ನೆ ಬರುತ್ತದೆ: ‘ಅಲ್ಲ ಕಣೇ, ಉಂಡ ಮನೆಗೆ ಎರಡು ಬಗೀತೀಯಾ?’ ಎರಡೂ ಥರದ ಫಲಿತಾಂಶವನ್ನು ಒಂದೇ ಧೈರ್ಯದಿಂದ ಅಚ್ಚಿಗೆ ಕೊಡಲು ಅವಳಿಗೆ ಸಾಧ್ಯವಾಗಬೇಕು. ಕನ್ನಡ ಪದ ಇದನ್ನು ಹಿಡಿಯಬೇಕು. ‘ಶೈಕ್ಷಣಿಕ’ ಹಿಡಿಯುತ್ತದೆಯೇ? ನನಗೆ ಅನುಮಾನ.

ಮೂರನೆಯದು ‘ಸ್ವಾಯತ್ತತೆ’. ಇದು ಸಂಸ್ಥೆಯ ಮಾತು. ‘ಸ್ವಾಯತ್ತ ಕಾಲೇಜು’ ಅಂದರೆ ಪಠ್ಯ, ಪ್ರಶ್ನೆಪತ್ರಿಕೆ, ಪರೀಕ್ಷೆಯನ್ನು ತಾನೇ ಮಾಡಿಕೊಳ್ಳುವ ಕಾಲೇಜು. ಇದರ ಒಳಗೆ ಮೇಷ್ಟ್ರಿಗೆ ಬಾಯಿ ಬಿಡಲು ಅವಕಾಶ ಇರಬಹುದು, ಇಲ್ಲದೆಯೂ ಇರಬಹುದು. ಪ್ಯಾರಿಸಿನ ಹಳೆಯ ಪಾಠವೇ. ಆದರೆ ಭಾರತದಲ್ಲಿ ಈ ಚರ್ಚೆ ಶುರುವಾದದ್ದು ಸಂಸ್ಥೆಯ ಕಡೆಯಿಂದ. 1922ರಲ್ಲಿ ಬಂಗಾಳ ಸರ್ಕಾರ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ದುಡ್ಡು ಕೊಡುತ್ತೇವೆ, ಆದರೆ ಷರತ್ತುಗಳಿವೆ ಅಂದಾಗ ಕುಲಪತಿ ಆಶುತೋಷ್ ಮುಖರ್ಜಿ ಸೆನೆಟ್ಟಿನಲ್ಲಿ ಗುಡುಗಿದರು: ಸ್ವಾತಂತ್ರ್ಯ ಮೊದಲು, ಸ್ವಾತಂತ್ರ್ಯ ಎರಡನೆಯದು, ಸ್ವಾತಂತ್ರ್ಯ ಯಾವಾಗಲೂ. ಸ್ವಾತಂತ್ರ್ಯ ಬಂದ ಮೇಲೆ ರಾಧಾಕೃಷ್ಣನ್ ಆಯೋಗವೂ (1948–49) ಇದೇ ದಾರಿಯಲ್ಲಿ ಹೇಳಿತು: ಉನ್ನತ ಶಿಕ್ಷಣಕ್ಕೆ ನೆರವು ಕೊಡುವುದು ಸರ್ಕಾರದ ಹೊಣೆ, ಆ ನೆರವನ್ನು ಹಿಡಿತ ಅಂತ ತಿಳಿಯಬಾರದು. ಕೇಳಲು ಚಂದ.

ಇಷ್ಟೆಲ್ಲ ಯುರೋಪು, ಅಮೆರಿಕ ಸುತ್ತಿದ ಮೇಲೆ ನಮ್ಮ ಶಿಕಾರಿಪುರ ತಾಲೂಕಿಗೆ ಬರದಿದ್ದರೆ ತಪ್ಪಾಗುತ್ತದೆ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಎಂಟು ಮುಖದ ಕಲ್ಲುಕಂಬ ಇದೆ. ಐದನೆಯ ಶತಮಾನದ್ದು. ಸಾಲುಗಳು ಅಡ್ಡಕ್ಕಿಲ್ಲ, ಬುಡದಿಂದ ತುದಿಗೆ ಏರುತ್ತವೆ. ಓದಬೇಕು ಅಂದರೆ ಕತ್ತನ್ನು ಹೆಗಲಿಗೆ ಒರಗಿಸಬೇಕು. ಕುಬ್ಜ ಅನ್ನುವ ಕವಿಯ ಸಂಸ್ಕೃತ ಕಾವ್ಯ ಅದು, ಕದಂಬರ ಕಥೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಆ ಕಾಲದ ವಿದ್ಯಾಪೀಠಕ್ಕೆ, ಓದಲು ಹೋದ. ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳವಾಯಿತು. ಆಗ ಅವನು ನೊಂದು ಹೇಳಿಕೊಳ್ಳುವ ಮಾತು ಶಾಸನದಲ್ಲಿದೆ. ಗುರುಕುಲದಲ್ಲಿ ಸೇವೆ ಮಾಡಿ, ಕಷ್ಟಪಟ್ಟು ತನ್ನ ವೇದಶಾಖೆ ಓದಿದ ಮೇಲೂ ಬ್ರಹ್ಮಸಿದ್ಧಿ (ಬ್ರಾಹ್ಮಣ್ಯದ ಸಿದ್ಧಿ) ‘ನೃಪಾಧೀನ’ ಅನ್ನುವುದಾದರೆ ಅದಕ್ಕಿಂತ ದುಃಖ ಯಾವುದು?

ನೃಪಾಧೀನ! ರಾಜನ ಕೈಯಲ್ಲಿರುವುದು. ನಾವು ಹುಡುಕುತ್ತಿರುವ ಪದದ ವಿರುದ್ಧಪದ ನಮ್ಮ ಜಿಲ್ಲೆಯ ಕಲ್ಲಿನ ಮೇಲೇ ಇದೆ.

ಹಾಗಂತ, ಅಕಾಡೆಮಿಕ್ ಫ್ರೀಡಂ ಮೊದಲು ಹುಟ್ಟಿದ್ದು ತಾಳಗುಂದದಲ್ಲಿ ಅಂತ ಗೋಷ್ಠಿಯಲ್ಲಿ ಯಾರಾದರೂ ಚಪ್ಪಾಳೆ ಹೊಡೆಸಿಕೊಂಡರೆ ನಾನು ಎದ್ದು ತಕರಾರು ಮಾಡುತ್ತೇನೆ. ಮಯೂರನ ಸಂಕಟ ಒಂದು ವರ್ಣದ ಮಾನದ ಸಂಕಟ. ಅವನು ಕೇಳಿದ್ದು ಬೇರೆ ಥರ ಯೋಚಿಸುವ ಹಕ್ಕನ್ನಲ್ಲ. ಪರಿಹಾರವಾಗಿ ಅವನು ದರ್ಭೆ ಬಿಟ್ಟು ಕತ್ತಿ ಹಿಡಿದ, ತಾನೇ ರಾಜನಾದ. ಆಮೇಲೆ ಅವನ ರಾಜ್ಯದ ಘಟಿಕೆಗಳು ಅವನಿಗೆ ಅಧೀನವೇ ಆಗಿದ್ದಿರಬೇಕಲ್ಲ.

ಅಲ್ಲಿಂದ ಹತ್ತಿರದಲ್ಲೇ ಬಳ್ಳಿಗಾವೆ. ಕೇದಾರೇಶ್ವರ ದೇವಸ್ಥಾನದ ಕೋಡಿಯ ಮಠದ 1162ರ ಶಾಸನ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ಕಾಳಾಮುಖ ಶೈವರ ಮಠ ಅದು. ಅಲ್ಲಿ ಏನೇನು ಕಲಿಸುತ್ತಿದ್ದರು ಅಂತ ಉದ್ದ ಪಟ್ಟಿ ಇದೆ. ನಾಲ್ಕು ವೇದ, ಪಾಣಿನಿಯ ವ್ಯಾಕರಣ, ಜೊತೆಗೆ ಜೈನರ ಶಾಕಟಾಯನ ವ್ಯಾಕರಣ. ನ್ಯಾಯ, ಸಾಂಖ್ಯ, ಮೀಮಾಂಸೆಗಳ ಜೊತೆ ಬೌದ್ಧ ದರ್ಶನ. ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಜೈನ ಸನ್ಯಾಸಿಗಳಿಗೆ ಸಹ ಅನ್ನ. ರೋಗಿಗಳಿಗೆ ಔಷಧಿ. ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಅಂತ ಶಾಸನ ಆ ಮಠವನ್ನು ಹೊಗಳುತ್ತದೆ. ಶಾಸನದ ಹೊಗಳಿಕೆಯನ್ನು ಅಕ್ಷರಕ್ಕೆ ಅಕ್ಷರ ನಂಬಬೇಕಾಗಿಲ್ಲ. ಆದರೂ ತಾನು ಒಪ್ಪದ ದರ್ಶನವನ್ನು ಕಲಿಸುವುದು ಹೆಮ್ಮೆಯ ಸಂಗತಿ ಅಂತ ಆ ಕಾಲದ ಮಠಕ್ಕೆ ಅನ್ನಿಸಿತ್ತಲ್ಲ.

ಇನ್ನು ಕುವೆಂಪು. ತೀರ್ಥಹಳ್ಳಿಯ ಕುಪ್ಪಳಿಯವರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ಅವರು ಯುವಕರಿಗೆ ಕೊಟ್ಟ ಪದ ‘ನಿರಂಕುಶಮತಿ’. ಸಕ್ರೆಬೈಲಿನ ಆನೆ ಬಿಡಾರ ನೋಡಿದವರಿಗೆ ಅಂಕುಶ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಆದರೆ ‘ನಿರಂಕುಶ ಸ್ವಾತಂತ್ರ್ಯ’ ಅಂತ ಮಾಡಲು ಹೋದರೆ ಕೆಡುತ್ತದೆ. ಮತಿಗೆ ಅಂಟಿದಾಗ ಒಳ್ಳೆಯದಾದ ಈ ಪದ ‘ನಿರಂಕುಶ ಪ್ರಭುತ್ವ’ ಅಂದಾಗ ಸರ್ವಾಧಿಕಾರವಾಗುತ್ತದೆ. ಇಲ್ಲಿ ಬೇಕಿರುವ ಸ್ವಾತಂತ್ರ್ಯಕ್ಕೆ ಶಾಸ್ತ್ರದ ಕಟ್ಟು ಇದೆ ಅಂತ ಈಗಷ್ಟೇ ಹೇಳಿದೆ. ಹಾಗಾಗಿ ಅದನ್ನು ಕುವೆಂಪು ಅವರ ಮಾತಾಗಿಯೇ ಉಳಿಸೋಣ.

ಹಾಗಾದರೆ ಏನಿಡುವುದು? ‘ಅಕಾಡೆಮಿಕ್ ಸ್ವಾತಂತ್ರ್ಯ’ ಅಂತ ಹಾಗೇ ಬಿ‌ಡಬಹುದು. ಆದರೆ ನಮ್ಮೂರಲ್ಲಿ ಅಕಾಡೆಮಿ ಅಂದರೆ ಒಂದೋ ಸರ್ಕಾರದ್ದು, ಇಲ್ಲವೋ ಕರಾಟೆಯದ್ದು. ‘ಚಿಂತನಾ ಸ್ವಾತಂತ್ರ್ಯ’ ಎಲ್ಲರಿಗೂ ಸೇರಿದ್ದು, ವಿಶ್ವವಿದ್ಯಾಲಯದ ಗುರುತಿಲ್ಲ. ‘ಬೋಧನಾ ಸ್ವಾತಂತ್ರ್ಯ’ದಲ್ಲಿ ಸಂಶೋಧನೆ ಬಿಟ್ಟುಹೋಗುತ್ತದೆ. ‘ವಿದ್ವತ್ ಸ್ವಾತಂತ್ರ್ಯ’ ಅರ್ಥಕ್ಕೆ ಬಹಳ ಹತ್ತಿರ, 1915ರವರಿಗೆ ಹೇಳಿಮಾಡಿಸಿದ ಪದ. ಆದರೆ ನಮ್ಮಲ್ಲಿ ವಿದ್ವತ್ತು ಅಂದ ಕೂಡಲೇ ಶಾಲು, ಪೇಟ ಕಣ್ಣಿಗೆ ಬರುತ್ತದೆ. ಬಿ.ಎ. ಎರಡನೆಯ ವರ್ಷದ ಹುಡುಗಿ ಅದರೊಳಗೆ ಬರುವುದಿಲ್ಲ.

ನನ್ನ ಮನಸ್ಸು ವಾಲಿರುವುದು ‘ವಿದ್ಯಾಸ್ವಾತಂತ್ರ್ಯ’ದ ಕಡೆಗೆ. ಅಕಾಡೆಮಿಕ್ ಕೌನ್ಸಿಲ್ಲಿಗೆ ನಮ್ಮ ವಿಶ್ವವಿದ್ಯಾಲಯಗಳು ‘ವಿದ್ಯಾವಿಷಯಕ ಪರಿಷತ್ತು’ ಅಂತಲೇ ಅನ್ನುತ್ತವೆ. ಬಾಯಿಗೆ ಭಾರವಾದ ಆ ‘ವಿಷಯಕ’ ಕಿತ್ತರೆ ಉಳಿಯುವುದು ವಿದ್ಯೆ. ವಿದ್ಯಾರ್ಥಿ, ವಿದ್ಯಾಲಯ, ವಿದ್ವಾಂಸ ಎಲ್ಲರೂ ಅದೇ ಬುಡದವರು. ಕಲಿಯುವವಳೂ ಕಲಿಸುವವನೂ ಹುಡುಕುವವರೂ ಒಳಗೆ ಹಿಡಿಯುತ್ತಾರೆ. ಸಂಸ್ಥೆಗೆ ಬೇಕಾದರೆ ‘ಸ್ವಾಯತ್ತತೆ’ ಇದ್ದೇ ಇದೆ. ಒಂದು ಆಕ್ಷೇಪ ನನಗೇ ಹೊಳೆದಿದೆ. ಆಡುಮಾತಿನಲ್ಲಿ ‘ವಿದ್ಯೆ’ ಅಂದರೆ ಚಾಲಾಕಿತನವೂ ಹೌದು. ‘ಅವನ ವಿದ್ಯೆ ಎಲ್ಲ ನನ್ನ ಹತ್ರ ನಡೆಯಲ್ಲ’ ಅಂತೀವಲ್ಲ. ಮೇಷ್ಟ್ರುಗಳಿಗೆ ವಿದ್ಯಾಸ್ವಾತಂತ್ರ್ಯ ಬೇಕು ಅಂದರೆ ಕೆಲವರು ನಕ್ಕಾರು. ಈ ಪದವನ್ನು ಈ ಅರ್ಥದಲ್ಲಿ ಹಿಂದೆ ಯಾರಾದರೂ ಬಳಸಿದ್ದನ್ನು ನೀವು ಕಂಡಿದ್ದರೆ, ಎಲ್ಲಿ ಅಂತ ತಿಳಿಸಿ. ಹಳೆಯ ಪತ್ರಿಕೆಗಳನ್ನು ಓದುವ ಹಿರಿಯರು ಬಳಗದಲ್ಲಿದ್ದೀರಿ. ‘ಶೈಕ್ಷಣಿಕ’ವೇ ಸಾಕು, ರೂಢಿ ಕೆಡಿಸಬೇಡಿ ಅನ್ನುವವರೂ ಕಾರಣ ಹೇಳಿ. ರೂಢಿಗೂ ಒಂದು ತೂಕ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ.

ಜೊತೆಗೆ ಇನ್ನೊಂದು ಪದ. ಅಮೆರಿಕದ ಲೇಖನಗಳಲ್ಲಿ ಇದರ ಬೆನ್ನಿಗೇ ‘ಟೆನ್ಯೂರ್’ ಬರುತ್ತದೆ. ಕೆಲವು ವರ್ಷ ಪರೀಕ್ಷೆಯ ಮೇಲಿಟ್ಟು, ಒಮ್ಮೆ ಒಪ್ಪಿದ ಮೇಲೆ ಅಭಿಪ್ರಾಯದ ಕಾರಣಕ್ಕೆ ತೆಗೆಯುವ ಹಾಗಿಲ್ಲ ಅನ್ನುವ ಏರ್ಪಾಡು. ನಮ್ಮಲ್ಲಿ ‘ಕಾಯಂ’ ಅನ್ನಬಹುದು. ಆದರೆ ಕಾಯಂ ಅನ್ನುವಾಗ ಕಿವಿಗೆ ಕೇಳುವುದು ಸಂಬಳ, ಪಿಂಚಣಿ. ಅತಿಥಿ ಉಪನ್ಯಾಸಕರು ತಮ್ಮ ಹೋರಾಟಗಳಲ್ಲಿ ‘ಸೇವಾ ಭದ್ರತೆ’ ಅನ್ನುತ್ತಾರೆ. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಬೇಕಾದವರು ಅವರು. ಈ ಗೋಷ್ಠಿಯ ಓಡಾಟ ಮಾಡುತ್ತಿರುವವರಲ್ಲಿ ಅವರೂ ಇದ್ದಾರೆ, ಮತ್ತು ಅವರಲ್ಲೊಬ್ಬರು ತಮ್ಮ ಲೇಖನಕ್ಕೆ ಹೆಸರು ಹಾಕಬೇಡಿ ಅಂದಿದ್ದಾರೆ. ‘ಟೆನ್ಯೂರ್’ಗೆ ‘ಸೇವಾ ಭದ್ರತೆ’ಯನ್ನೇ ಇಡೋಣ ಅಂತಿದ್ದೇನೆ, ಮೊದಲ ಸಲ ಬಂದಾಗ ಅರ್ಥವನ್ನು ಬಿಡಿಸಿ ಬರೆದು. ಇದಕ್ಕಿಂತ ಒಳ್ಳೆಯದು ಹೊಳೆದರೆ ಬೇಗ ಬರೆಯಿರಿ. ಮುಖಪುಟ ಇನ್ನೂ ಅಚ್ಚಿಗೆ ಹೋಗಿಲ್ಲ.